ಭ್ರಮವೂ ಬುಗುರಿಯೂ

ಸೂರ್ಯದೇವನ ತೇಜಸ್ಸನ್ನು ಸಹಿಸಲಾರದೆ ಆತನ ಪತ್ನಿಯಾದ ಸಂಜ್ಞಾದೇವಿಯು ಮನೆಯನ್ನು ತೊರೆದು ಹೋದಳೆಂದೂ, ಆಗ ಆಕೆಯ ತಂದೆಯಾದ ವಿಶ್ವಕರ್ಮನು ಅಳಿಯನನ್ನು ತನ್ನ ಯಂತ್ರದ ಮೇಲೇರಿಸಿ ತಿರುಗಿಸಿ ಆ ತೇಜಸ್ಸಿನ ಎಂಟನೆಯ ಒಂದು ಪಾಲನ್ನು ಹೆರೆದು ತೆಗೆದನೆಂದೂ, ಆ ಹೆರೆದ ಚೂರುಗಳಿಂದಲೇ ವಿಷ್ಣುವಿನ ಚಕ್ರವೂ ಶಿವನ ತ್ರಿಶೂಲವೂ ಆದುವೆಂದೂ ವಿಷ್ಣುಪುರಾಣವು ಹೇಳುತ್ತದೆ. ಕಾಳಿದಾಸನು ರಘುವಂಶದ ಆರನೆಯ ಸರ್ಗದಲ್ಲಿ ಅವಂತಿಯ ಅರಸನನ್ನು ವರ್ಣಿಸುವಾಗ ಈ ಕಥೆಯನ್ನೇ ಉಪಮಾನವಾಗಿ ಬಳಸಿಕೊಂಡಿದ್ದಾನೆ. ಅಲ್ಲಿ ಆ ಯಂತ್ರಕ್ಕೆ ‘ಚಕ್ರಭ್ರಮ’ವೆಂದು ಹೆಸರು. ಭ್ರಮವೆಂದರೆ ತಿರುಗುವುದು, ಮರವನ್ನು ತಿರುಗಿಸಿ ಕಡೆಯುವ ಯಂತ್ರವೂ ಭ್ರಮವೇ, ಒಂದನ್ನು ಮತ್ತೊಂದೆಂದು ತಪ್ಪಾಗಿ ತಿಳಿಯುವುದೂ ಭ್ರಮವೇ.

ನಾವು 34 ವರ್ಷಗಳ ಕಾಲ ಸಂಸ್ಕೃತವನ್ನು ಪಾಠ ಹೇಳಿದವರು. ಈ ಕಥೆಯನ್ನು ಎಷ್ಟು ತರಗತಿಗಳಿಗೆ ಹೇಳಿದೆವೋ ಲೆಕ್ಕವಿಲ್ಲ. ‘ಭ್ರಮವೆಂದರೆ ತಿರುಗುವ ಒಂದು ಬಗೆಯ ಯಂತ್ರ’ ಎಂದು ಅರ್ಥವನ್ನು ಹೇಳಿ ಮುಂದಕ್ಕೆ ಹೋಗುತ್ತಿದ್ದೆವು. ಅದು ಹೇಗಿರುವುದೆಂದು ಯಾವ ಹುಡುಗನೂ ಕೇಳಲಿಲ್ಲ. ಕೇಳಿದ್ದರೆ ನಮಗೂ ತಿಳಿದಿರಲಿಲ್ಲ. ಸೋಜಿಗವೇನೆಂದರೆ, ನಾವಿದ್ದ ಊರು ಚನ್ನಪಟ್ಟಣ. ಶಾಲೆಯ ಹಿಂದಣ ಬೀದಿಯಲ್ಲಿಯೇ ಕಡಚಲುಗಳು ಬೆಳಗಿನಿಂದ ಸಂಜೆಯವರೆಗೆ ಗುಂಯ್‌ಗುಡುತ್ತಿದ್ದುವು. ಸದ್ದು ಹೆಚ್ಚಾದ ದಿನ ಕಿಟಕಿಯನ್ನು ಮುಚ್ಚಿಸಿ ಪಾಠವನ್ನು ಮುಂದುವರಿಸುತ್ತಿದ್ದೆವು.

ಚನ್ನಪಟ್ಟಣವು ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಸುಮಾರು 60 ಕಿಲೋಮೀಟರು ದೂರದಲ್ಲಿರುವುದು ವಾಚಕರಿಗೆಲ್ಲ ತಿಳಿದೇ ಇರುವುದು. ಅರಗಿನ ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ ಊರು. ಟಿಪ್ಪೂಸುಲ್ತಾನನು ಪಾರಸೀಕ ದೇಶದಿಂದ ಕುಶಲಿಗಳನ್ನು ಕರೆಯಿಸಿ ಇಲ್ಲಿಯವರಿಗೆ ಈ ವಿದ್ಯೆಯನ್ನು ಕಲಿಸಿದನೆಂದು ಊರಿನವರು ಹೇಳುತ್ತಾರೆ. ಮುಂದೆ ಇದನ್ನು ಬೆಳೆಯಿಸಿದವರೆಂದು ಬಾವಸ್ ಮಿಯಾನ್ ಎಂಬವರನ್ನು ಗೌರವದಿಂದ ಸ್ಮರಿಸುತ್ತಾರೆ. 2005-06ರಲ್ಲಿ ಈ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಇಷ್ಟೆಲ್ಲವೂ ಪತ್ರಿಕೆಗಳಲ್ಲಿ ಓದಿ ನಾವು ಬಲ್ಲ ಸಂಗತಿಗಳೇ ಆಗಿದ್ದುವು. ಓದಿ ಬಲ್ಲುದಕ್ಕೂ ಕಂಡು ಬಲ್ಲುದಕ್ಕೂ ಎಷ್ಟು ಅಂತರವುಂಟೆಂಬುದನ್ನು ತಿಳಿಯಲು ನಾವು ನಿವೃತ್ತರಾಗಬೇಕಾಯಿತು.

ನಿವೃತ್ತಿಯಾದ ಎರಡನೆಯ ತಿಂಗಳಿನಲ್ಲಿ ಮನೆಯ ಈಳಿಗೆಮಣೆಯ ಕಾಲೊಂದು ಮುರಿಯಿತು. ಅದನ್ನು ಹಿಡಿದುಕೊಂಡು ಆ ಹಿಂದಣ ಬೀದಿಗೆ ಹೋದೆವು. ಅಂದು ಭಾನುವಾರ. ಹಂಚಿನ ಸೂರಿನ ಉದ್ದನೆಯ ಕೊಟ್ಟಡಿಯೊಂದರಲ್ಲಿ ಹತ್ತು ಹನ್ನೆರಡು ಮಂದಿ ಸೇರಿದ್ದರು. ಅವರಲ್ಲಿ ಒಬ್ಬರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಒಬ್ಬರು ರೈಲ್ವೆಯವರು, ಒಬ್ಬರು ಹಲ್ಲಿನ ವೈದ್ಯರು, ಬೆಂಗಳೂರಿನ ಕಚೇರಿಗಳಿಗೆ ದಿನವೂ ಹೋಗಿ ಬರುವ ಇಬ್ಬರು ತರುಣಿಯರು. ಉಳಿದವರು ತಲೆತಲಾಂತರದಿಂದ ಕಡಚಲಿನ ಕೆಲಸವನ್ನೇ ಮಾಡಿಕೊಂಡು ಬಂದವರು. ಎಪ್ಪತ್ತು ದಾಟಿದ ಹಿರಿಯರೊಬ್ಬರನ್ನು ಎಲ್ಲರೂ ಉಸ್ತಾದರೆಂದು ಕರೆಯುತ್ತಿದ್ದರು. ಅವರು ನಮ್ಮ ಕೈಯಲ್ಲಿದ್ದ ಮುರಿದ ಕಾಲನ್ನು ನೋಡಿ, “ಮೇಷ್ಟ್ರೇ, ನಾವು ಮಾಡಿಕೊಟ್ಟರೆ ಐದು ನಿಮಿಷ. ನೀವೇ ಮಾಡಿಕೊಂಡರೆ ಐದು ತಿಂಗಳು. ಯಾವುದು ಬೇಕು?” ಎಂದರು. ನಿವೃತ್ತನಿಗೆ ಕಾಲದ ಕೊರತೆಯೇನು? ಐದು ತಿಂಗಳೇ ಆಗಲೆಂದೆವು. ಹೀಗೆ ನಾವು ಕಡಚಲಿನ ಕೂಟಕ್ಕೆ ಸೇರಿದೆವು.

ಈ ಕೂಟಕ್ಕೆ ದೊಡ್ಡ ಹೆಸರಾಗಲಿ, ಹಲಗೆಯಾಗಲಿ ಇಲ್ಲ. ಪ್ರತಿ ಭಾನುವಾರ ಬೆಳಗ್ಗೆ ಮೂರು ಗಂಟೆಗಳ ಕಾಲ ಸೇರುವುದು. ಮರವನ್ನೂ ಅರಗನ್ನೂ ಒಟ್ಟಾಗಿ ಕೊಂಡು ಹಂಚಿಕೊಳ್ಳುವುದು. ತಿಂಗಳ ಕೊನೆಯ ಭಾನುವಾರ ಪ್ರತಿಯೊಬ್ಬರೂ ತಾವು ಮಾಡಿದ ಒಂದು ವಸ್ತುವನ್ನು ಮಧ್ಯದ ಮಣೆಯ ಮೇಲಿಟ್ಟು ಉಳಿದವರ ಅಭಿಪ್ರಾಯವನ್ನು ಕೇಳುವುದು. ನವರಾತ್ರಿಯ ಹೊತ್ತಿಗೆ ನೂರಿನ್ನೂರು ಬುಗುರಿಗಿಲಕಿಗಳನ್ನು ಸಿದ್ಧಗೊಳಿಸಿ ಅಂಗನವಾಡಿಯ ಮಕ್ಕಳಿಗೆ ಕೊಡುವುದು: ಇಷ್ಟೇ ಇದರ ಕಾರ್ಯಕ್ರಮ. ರಮಜಾನಿನ ತಿಂಗಳಲ್ಲಿ ಚಹವು ನಿಲ್ಲುತ್ತದೆ, ಉಪವಾಸವಿಲ್ಲದವರೂ ಕುಡಿಯುವುದಿಲ್ಲ. ಆಯುಧಪೂಜೆಯ ದಿನ ಕಡಚಲುಗಳಿಗೆ ಹೂವನ್ನು ಮುಡಿಸುವವರಲ್ಲಿ ಉಸ್ತಾದರೇ ಮೊದಲಿಗರು. ನಿಯಮವೆಂಬುದು ಒಂದೇ ಒಂದು: ಹವ್ಯಾಸಕ್ಕಾಗಿ ಕಲಿಯುವವರು ತಾವು ಮಾಡಿದ ವಸ್ತುವನ್ನು ಮಾರಕೂಡದು. ಅದನ್ನೇ ನಂಬಿ ಬದುಕುವವರ ಅನ್ನಕ್ಕೆ ನಮ್ಮ ಆಟವು ಅಡ್ಡಿಯಾಗಬಾರದೆಂಬುದು ಇದರ ತಾತ್ಪರ್ಯ. ಮಹಾ ಮಹಾ ಸಂಘಗಳ ನಿಬಂಧನೆಗಳಲ್ಲಿಯೂ ಇಷ್ಟು ಸೂಕ್ಷ್ಮವಾದ ಧರ್ಮವನ್ನು ನಾವು ಕಂಡುದಿಲ್ಲ.

ಮೊದಲನೆಯ ಪಾಠದ ದಿನ ಉಸ್ತಾದರು ನಮ್ಮ ಉತ್ತರೀಯವನ್ನೂ ಬೆರಳಿನ ಉಂಗುರವನ್ನೂ ತೆಗೆಯಿಸಿ, ಜುಬ್ಬದ ತೋಳನ್ನು ಮೊಣಕೈಯ ಮೇಲಕ್ಕೆ ಮಡಿಸಿ ಕಟ್ಟಿದರು. ತಿರುಗುವ ಮರಕ್ಕೆ ಬಟ್ಟೆಯ ಅಂಚು ಸಿಕ್ಕಿತೆಂದರೆ ಕೈಯೂ ಅದರ ಹಿಂದೆಯೇ ಹೋಗುವುದಂತೆ. ಬಳಿಕ ಹಾಲೆಮರದ ತುಂಡೊಂದನ್ನು ಕೈಗೆ ಕೊಟ್ಟರು. ಆನೆಯ ದಂತದಂತೆ ಬೆಳ್ಳಗೆ, ನುಣ್ಣಗೆ, ಹಗುರವಾಗಿರುವ ಮರವದು. ಕಡಿದ ಕೂಡಲೆ ಕಡೆಯಲಾಗದು. ಎರಡು ಮೂರು ತಿಂಗಳಾದರೂ ಒಣಗಿಸಬೇಕು. ಇಲ್ಲದಿದ್ದರೆ ಗೊಂಬೆಯು ಬಿರುಕು ಬಿಡುವುದು. ತುಂಡನ್ನು ಕಡಚಲಿಗೆ ಸಿಕ್ಕಿಸಿ ತಿರುಗಿಸಿದಾಗ ಉಳಿಯನ್ನು ಅದಕ್ಕೆ ತಾಗಿಸಿ ಹಿಡಿಯಬೇಕು. ಹಿಂದೆ ಬಿಲ್ಲಿನ ಹಗ್ಗವನ್ನು ಸುತ್ತಿ ಕೈಯಿಂದಲೇ ಎಳೆದು ತಿರುಗಿಸುತ್ತಿದ್ದರು. ಅಂತಹ ಹಳೆಯ ಕಡಚಲೊಂದನ್ನು ಕೊಟ್ಟಡಿಯ ಮೂಲೆಯಲ್ಲಿ ಈಗಲೂ ಇಟ್ಟಿದ್ದಾರೆ. ಈಗ ಕೆಲಸವೆಲ್ಲವೂ ವಿದ್ಯುತ್ತಿನಿಂದ ನಡೆಯುವುದು.

ನಾವು ಉಳಿಯನ್ನು ಬಲವಾಗಿ ಒತ್ತಿದೆವು. ತುಂಡು ಹಾರಿಹೋಗಿ ಸೂರಿನ ಹಂಚಿಗೆ ಬಡಿಯಿತು. “ಒತ್ತಬೇಡಿ, ಮೇಷ್ಟ್ರೇ. ಉಳಿಯನ್ನು ಸರಿಯಾದ ಎಡೆಯಲ್ಲಿ ಹಿಡಿದುಕೊಂಡಿರಿ. ಮರ ತಾನೇ ಬಂದು ತನ್ನನ್ನು ಒಪ್ಪಿಸಿಕೊಳ್ಳುತ್ತದೆ” ಎಂದರು ಉಸ್ತಾದರು. ಶಬ್ದರೂಪಗಳನ್ನು ಹುಡುಗರ ತಲೆಯೊಳಕ್ಕೆ ಒತ್ತಿ ಒತ್ತಿ ತುಂಬಿದ ನಮಗೆ ಈ ಮಾತು ಸ್ವಲ್ಪ ನಾಟಿತು.

ಎಲ್ಲಕ್ಕಿಂತ ಅಂದವಾದುದು ಬಣ್ಣ ಹಾಕುವ ಕೆಲಸ. ಮುತ್ತುಗ, ಬೋರೆ ಮೊದಲಾದ ಮರಗಳ ಕೊಂಬೆಗಳ ಮೇಲೆ ಸಣ್ಣ ಹುಳುಗಳು ಸ್ರವಿಸಿ ಗಟ್ಟಿಯಾದ ವಸ್ತುವೇ ಅರಗು. ಪಾಂಡವರನ್ನು ಸುಡಲು ದುರ್ಯೋಧನನು ಮಾಡಿಸಿದ ಮನೆಯ ಅರಗೂ ಇದೇ. ಅರಿಸಿನದಿಂದ ಹಳದಿ, ನೀಲಿಯ ಗಿಡದಿಂದ ನೀಲಿ, ಹೀಗೆ ಬಣ್ಣಗಳನ್ನು ಅರಗಿನಲ್ಲಿ ಬೆರೆಸಿ ಕಡ್ಡಿಗಳನ್ನಾಗಿ ಮಾಡಿರುತ್ತಾರೆ. ತಿರುಗುತ್ತಿರುವ ಗೊಂಬೆಗೆ ಆ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ಆಮೇಲೆ ಕೇದಗೆಯ ಒಣಗರಿಯಿಂದ ಒತ್ತಿ ತಿಕ್ಕಿದರೆ ಬಣ್ಣವು ಎಲ್ಲೆಡೆಯೂ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುವುದು. ಬೆಂಕಿಯಿಲ್ಲ, ಎಣ್ಣೆಯಿಲ್ಲ, ಕುಂಚವಿಲ್ಲ. ಇಂತಹ ಗಿಡಮೂಲದ ಬಣ್ಣದ ಗೊಂಬೆಯನ್ನು ಕೂಸು ಬಾಯಿಗಿಟ್ಟುಕೊಂಡರೂ ತಾಯಿಗೆ ಭಯವಿಲ್ಲ.

ಈಳಿಗೆಮಣೆಯ ಕಾಲು ಐದು ತಿಂಗಳಿಗೆ ಬದಲಾಗಿ ಏಳು ತಿಂಗಳಿಗೆ ಮುಗಿಯಿತು. ಅನಂತರ ಬುಗುರಿಯನ್ನು ಕೈಗೆತ್ತಿಕೊಂಡೆವು. ನೋಡಲು ಸುಲಭ, ಆದರೆ ಬುಗುರಿಯಂತಹ ಕಠಿನ ಪರೀಕ್ಷಕನು ಮತ್ತೊಬ್ಬನಿಲ್ಲ. ಕೂದಲೆಳೆಯಷ್ಟು ಒಂದು ಪಕ್ಕಕ್ಕೆ ತೂಕ ಹೆಚ್ಚಾದರೂ ತೂಗಾಡಿ ಬಿದ್ದುಬಿಡುವುದು. ಬೊಂಬೆಗೆ ಬಣ್ಣವನ್ನು ಹಚ್ಚಿ ತಪ್ಪನ್ನು ಮರೆಸಬಹುದು, ಬುಗುರಿಯಲ್ಲಿ ಮರೆಸಲಾಗದು.

ಒಂದು ತಿಂಗಳ ಕೊನೆಯ ಭಾನುವಾರ ನಮ್ಮ ಬುಗುರಿಯೂ ಮಣೆಯ ಮೇಲೆ ಬಂದಿತು. ಅದನ್ನು ತಿರುಗಿಸಿದವನು ನಮ್ಮ ಹಳೆಯ ಶಿಷ್ಯ. ನಲ್ವತ್ತರ ಸಮೀಪದ ವಯಸ್ಸು. ಕೂಟದಲ್ಲಿ ಉಸ್ತಾದರ ತರುವಾಯ ಕೈಚಳಕದಲ್ಲಿ ಅವನದೇ ಹೆಸರು. ಬುಗುರಿಯು ನಾಲ್ಕು ಸುತ್ತು ತಿರುಗಿ ಕುಡುಕನಂತೆ ತೂರಾಡಿ ಬಿದ್ದಿತು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆಗ ಅವನು ನಗುನಗುತ್ತಲೇ, “ತರಗತಿಯಲ್ಲಿ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು: ‘ಓದದೆ ಹೋದರೆ ಕಡಚಲಿನ ಮುಂದೆ ಕೂರಬೇಕಾದೀತು.’ ಈಗ ನೋಡಿ, ಇಷ್ಟು ಓದಿಯೂ ಇಲ್ಲಿಯೇ ಬಂದು ಕೂತರು!” ಎಂದನು. ನಗುವು ಇಮ್ಮಡಿಯಾಯಿತು. ಅವನ ಮಾತಿನಲ್ಲಿ ಕಹಿಯ ಲೇಶವೂ ಇರಲಿಲ್ಲ. ನಾವು ಮಾತ್ರ ನಗಲಾರದೆ ಹೋದೆವು.

ಹೌದು, ಆ ಮಾತನ್ನು ನಾವು ಹೇಳುತ್ತಿದ್ದೆವು. ಒಂದು ಬಾರಿಯಲ್ಲ, ವರ್ಷ ವರ್ಷವೂ. ಪರೀಕ್ಷೆಯು ಹತ್ತಿರ ಬಂದಾಗ ವಾರಕ್ಕೊಮ್ಮೆಯಾದರೂ. ಅದರಲ್ಲಿ ದುರುದ್ದೇಶವಿರಲಿಲ್ಲ, ಹುಡುಗರು ಮೇಲೆ ಬರಲೆಂಬ ಹಂಬಲವೇ ಇದ್ದಿತು. ಆದರೆ ನಮ್ಮೆದುರಿನ ಬೆಂಚುಗಳಲ್ಲಿ ಕುಳಿತಿದ್ದವರಲ್ಲಿ ಎಷ್ಟು ಮಂದಿಯ ತಂದೆಯರು ಆ ಗಳಿಗೆಯಲ್ಲಿ ಕಿಟಕಿಯ ಆಚೆಗೆ ಕಡಚಲಿನ ಮುಂದೆಯೇ ಕುಳಿತಿದ್ದರೆಂಬುದು ಒಂದು ದಿನವಾದರೂ ನಮಗೆ ಹೊಳೆಯಲಿಲ್ಲ.

ಅಂದು ಮನೆಗೆ ಹಿಂದಿರುಗುವಾಗ ಉಸ್ತಾದರೂ ನಮ್ಮೊಡನೆ ನಡೆದು ಬಂದರು. ಅವರ ಮಗನೂ ನಮ್ಮ ತರಗತಿಯಲ್ಲಿಯೇ ಓದಿದವನು. ಈಗ ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದಾನೆ. ನಮ್ಮ ಮೌನವನ್ನು ಕಂಡು ಅವರೇ ಮಾತನ್ನು ತೆಗೆದರು. “ಅವನನ್ನು ಓದಲು ಕಳಿಸಿದವನು ನಾನೇ. ಅದರಲ್ಲಿ ತಪ್ಪೇನೂ ಇಲ್ಲ. ಈ ಧೂಳಿನಲ್ಲಿ ನಾನು ಕೆಮ್ಮಿದ್ದು ಸಾಕು. 2023ರಲ್ಲಿ ಹೊಸ ಹೆದ್ದಾರಿ ಊರಿನ ಹೊರಗಿನಿಂದ ಹೋದಮೇಲೆ ಗೊಂಬೆಯ ಅಂಗಡಿಗಳ ಮುಂದೆ ಕಾರುಗಳು ನಿಲ್ಲುವುದೂ ಕಡಿಮೆಯಾಯಿತು. ಅವನು ಹೋದದ್ದೇ ಒಳ್ಳೆಯದಾಯಿತು” ಎಂದರು. ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಹೇಳಿದರು: “ಆದರೆ ಅವನ ಗೆಳೆಯರು ಮನೆಗೆ ಬಂದಾಗ, ತಂದೆಗೆ ಏನು ಕೆಲಸವೆಂದು ಕೇಳಿದರೆ ಸ್ವಲ್ಪ ತಡವರಿಸುತ್ತಾನೆ. ಆ ತಡವರಿಕೆ ಎಲ್ಲಿಂದ ಬಂತೋ, ನನಗೆ ತಿಳಿಯದು.”

ಅದು ಎಲ್ಲಿಂದ ಬಂದಿತೆಂಬುದು ನಮಗೆ ತಿಳಿದಿದ್ದಿತು. ಉಸ್ತಾದರಿಗೂ ತಿಳಿದಿದ್ದೀತು, ಹೇಳಲಿಲ್ಲ, ಅಷ್ಟೆ.

ಆ ವಾರವೆಲ್ಲವೂ ನಮಗೆ ಸರಿಯಾಗಿ ನಿದ್ರೆ ಬರಲಿಲ್ಲ. ಹುಡುಗರನ್ನು ಓದಿಸಿದುದು ತಪ್ಪೇ? ತಪ್ಪಲ್ಲ. ಕಡಚಲಿನವನ ಮಗನು ಕಡಚಲನ್ನೇ ಹಿಡಿಯಬೇಕೆಂಬ ನಿರ್ಬಂಧವು ಯಾರಿಗೂ ಬೇಡ. ಮಕ್ಕಳಿಗೆ ಬಾಗಿಲನ್ನು ತೆರೆದು ತೋರಿಸುವುದು ಉಪಾಧ್ಯಾಯನ ಕರ್ತವ್ಯ. ಆದರೆ ಹೊಸ ಮನೆಯ ಬಾಗಿಲನ್ನು ತೆರೆಯುವುದಕ್ಕಾಗಿ ಹಳೆಯ ಮನೆಯನ್ನು ಹೀಗಳೆಯಬೇಕಾದ ಅಗತ್ಯವಿರಲಿಲ್ಲ. ವಿದ್ಯೆಯ ಹಿರಿಮೆಯನ್ನು ಹೇಳಲು ನಮಗೆ ಬೇರೆ ಮಾತೇ ದೊರೆಯದೆ ಹೋಯಿತೆ? ವಿಶ್ವಕರ್ಮನು ಸೂರ್ಯನನ್ನು ಕಡೆದನೆಂದು ಹೆಮ್ಮೆಯಿಂದ ಕಥೆಯನ್ನು ಹೇಳಿದ ಬಾಯಿಯೇ ಅದೇ ಗಂಟೆಯಲ್ಲಿ ಕಡಚಲನ್ನು ಶಿಕ್ಷೆಯೆಂದು ಸಾರುತ್ತಿದ್ದಿತು. ಭ್ರಮ ಶಬ್ದದ ಎರಡನೆಯ ಅರ್ಥಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಸಿಕ್ಕಲಾರದು.

ಮುಂದಿನ ಭಾನುವಾರ ಕೂಟದವರೆಲ್ಲರೂ ಸೇರಿದ ಮೇಲೆ ನಾವು ಎದ್ದು ನಿಂತೆವು. ನೂರಾರು ಹುಡುಗರ ಮುಂದೆ ನಿರರ್ಗಳವಾಗಿ ಮಾತನಾಡಿದ ನಮಗೆ ಹನ್ನೆರಡು ಮಂದಿಯ ಮುಂದೆ ನಾಲಗೆಯೊಣಗಿತು. ತರಗತಿಯಲ್ಲಿ ಆಡಿದ ಆ ಮಾತು ತಪ್ಪೆಂದೂ, ಅದನ್ನು ಕೇಳಿದ ಶಿಷ್ಯನೂ, ಕೇಳದಿದ್ದರೂ ಅದರ ನೋವನ್ನುಂಡ ಉಸ್ತಾದರೂ ನಮ್ಮನ್ನು ಕ್ಷಮಿಸಬೇಕೆಂದೂ ಹೇಳಿದೆವು. ಕೊಟ್ಟಡಿಯು ನಿಶ್ಶಬ್ದವಾಯಿತು. ಯಾರೋ ಕಡಚಲನ್ನು ನಿಲ್ಲಿಸಿದರು. ಉಸ್ತಾದರು ತಲೆಯನ್ನು ಬಗ್ಗಿಸಿಕೊಂಡು ಅರಗಿನ ಕಡ್ಡಿಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದರು.

ಶಿಷ್ಯನು ಎದ್ದು ಬಂದು ಮಣೆಯ ಮೇಲಿದ್ದ ನಮ್ಮ ಬುಗುರಿಯನ್ನು ಕೈಗೆತ್ತಿಕೊಂಡನು. ಅದನ್ನು ಬೆಳಕಿಗೆ ಹಿಡಿದು ಸುತ್ತಲೂ ನೋಡಿ, “ಮೇಷ್ಟ್ರೇ, ಇದರ ಹೊಟ್ಟೆ ಎಡಕ್ಕೆ ಸ್ವಲ್ಪ ದಪ್ಪ. ಅದಕ್ಕೇ ತೂಗಾಡುತ್ತದೆ. ಬನ್ನಿ, ಮೊದಲು ಅದನ್ನು ಸರಿಮಾಡೋಣ” ಎಂದು ನಮ್ಮ ಜುಬ್ಬದ ತೋಳನ್ನು ತಾನೇ ಮೇಲಕ್ಕೆ ಮಡಿಸಿದನು.

ಉಳಿಯನ್ನು ಹಿಡಿದ ನಮ್ಮ ಕೈಯ ಮೇಲೆ ಅವನ ಕೈಯಿದ್ದಿತು. ಈ ಬಾರಿ ನಾವು ಒತ್ತಲಿಲ್ಲ. ಎಡೆಯನ್ನು ಸರಿಯಾಗಿ ಹಿಡಿದುಕೊಂಡು ಕಾದೆವು. ಹಾಲೆಮರವು ತೆಳ್ಳನೆಯ ಬಿಳಿಯ ಸುರುಳಿಯಾಗಿ ತಾನೇ ಬಿಚ್ಚಿಕೊಂಡು ಬಂದಿತು. ಬುಗುರಿಯನ್ನು ಮಣೆಯ ಮೇಲೆ ಬಿಟ್ಟಾಗ ಅದು ಹದಿನೇಳು ಎಣಿಸುವಷ್ಟು ಹೊತ್ತು ನಿಂತು ತಿರುಗಿತು. ಉಸ್ತಾದರು ಇಪ್ಪತ್ತಾದರೂ ಆಗಬೇಕೆಂದರು. ಮುಂದಿನ ಭಾನುವಾರವೂ ನಾವು ಹೋಗಬೇಕಾಗಿದೆ.