ತಂದೆಯವರ ಬುಲೆಟ್ಟಿನ ಕಿಕ್ಕರು

ನಮ್ಮ ಮನೆಯ ಪಡಸಾಲೆಯಲ್ಲಿ ನಿಂತಿರುವ ಬುಲೆಟ್ ಮೋಟಾರ್ ಸೈಕಲ್ಲು 1972ರದು. 1955ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಎನ್‌ಫೀಲ್ಡ್ ಇಂಡಿಯಾದವರು ತಯಾರಿಸಿದ 350 ಸಿ.ಸಿ. ಗಾಡಿ. ತಂದೆಯವರು ಅಡತಿ ವ್ಯಾಪಾರದಲ್ಲಿದ್ದ ಕಾಲದಲ್ಲಿ ಕೊಂಡದ್ದು. ತಾಯಿಯವರು ಹಿಂದೆ, ನಾವು ಸಹೋದರರಿಬ್ಬರು ಪೆಟ್ರೋಲ್ ಟ್ಯಾಂಕಿನ ಮೇಲೆ ಕುಳಿತು ಎಷ್ಟು ಜಾತ್ರೆಗಳಿಗೆ ಹೋಗಿದ್ದೇವೋ ಲೆಕ್ಕವಿಲ್ಲ. ಈಗ ತಂದೆಯವರಿಗೆ ಎಂಬತ್ತು ದಾಟಿದೆ. ಕಣ್ಣು ಮಂಜಾಗಿದೆ, ಕಿವಿ ಮಾತ್ರ ಚುರುಕಾಗಿದೆ. ಪ್ರತಿ ಸೋಮವಾರ ಮುಂಜಾನೆ ಆ ಗಾಡಿಯ ಸದ್ದು ಅವರಿಗೆ ಕೇಳಿಸಲೇಬೇಕು.

ಕಳೆದ ವರ್ಷ ಅದರ ಕಿಕ್ಕರು ಸಡಿಲವಾಯಿತು. ನಾವು ನಟ್ಟು ಬಿಗಿಮಾಡಿದೆವು. ಎಂಟು ದಿನಗಳಲ್ಲಿ ಮತ್ತೆ ಅಲುಗಾಡಿತು, ಮತ್ತೆ ಬಿಗಿಮಾಡಿದೆವು. ಹೀಗೆ ತಿಂಗಳುಗಳೇ ಕಳೆದವು. ಒಂದು ದಿನ ಕಿಕ್ಕರು ತಟ್ಟನೆ ಜಾರಿ ತಮ್ಮನ ಮೊಣಕಾಲಿನ ಕೆಳಗೆ ಬಲವಾದ ಪೆಟ್ಟಾಯಿತು. ಕರೆಸಿದ ರಿಪೇರಿಯವರು ನೋಡಿ, ವೆಲ್ಡಿಂಗ್ ಮಾಡಿಬಿಟ್ಟರೆ ಹತ್ತು ನಿಮಿಷದ ಕೆಲಸವೆಂದರು. ನಾವು ಒಪ್ಪಿಯೂ ಆಗಿತ್ತು. ಒಳಗಿನಿಂದ ತಂದೆಯವರ ಧ್ವನಿ ಬಂತು: “ವೆಲ್ಡಿಂಗ್ ಮಾಡಿದರ ನಾಳೆ ಗೇರ್ ಬಾಕ್ಸಿನ ಮುಚ್ಚಳ ಹೆಂಗ ತಗೀತೀರಿ ತಮ್ಮಾ?”

ಅದು ನಿಜವೇ ಆಗಿತ್ತು. ಕಿಕ್ಕರನ್ನು ಕಳಚದೆ ಆ ಮುಚ್ಚಳ ಹೊರಗೆ ಬಾರದು.

ಹಳೆಯ ಸೈಕಲ್ಲಿನ ಪೆಡಲ್ ಕೋಲಿಗೆ ಇರುವಂತೆಯೇ ಈ ಕಿಕ್ಕರಿಗೂ ಒಂದು ಕಾಟರ್ ಪಿನ್ನು ಇರುತ್ತದೆ. ಅದರ ಒಂದು ಮಗ್ಗುಲು ಓರೆಯಾಗಿ ಚಪ್ಪಟೆ. ಆ ಚಪ್ಪಟೆ ಭಾಗವು ಶಾಫ್ಟಿನಲ್ಲಿ ಕೊರೆದ ಚಪ್ಪಟೆಯ ಮೇಲೆ ಪೂರ್ತಿಯಾಗಿ ಕೂರಬೇಕು. ಹಿಡಿದು ನಿಲ್ಲಿಸುವುದು ಬೆಣೆಯಂತಹ ಆ ಪಿನ್ನೇ ಹೊರತು ನಟ್ಟಲ್ಲ. ನಟ್ಟು ಕಾವಲುಗಾರ ಮಾತ್ರ. ನಾವು ಇಷ್ಟು ದಿನ ಕಾವಲುಗಾರನನ್ನೇ ದಂಡಿಸುತ್ತಿದ್ದೆವು! ಪಿನ್ನು ಹೊರತೆಗೆದಾಗ ಅದರ ಮುಖ ಸವೆದು ಗುಂಡಗಾಗಿತ್ತು. ಶಾಫ್ಟಿನ ಅಂಚೂ ತುಸು ಸವೆದಿದ್ದುದನ್ನು ಕಂಡು ನಮಗೆ ನಾಚಿಕೆಯಾಯಿತು. ಇನ್ನೊಂದಷ್ಟು ದಿನ ಹಾಗೆಯೇ ಒದ್ದಿದ್ದರೆ ಶಾಫ್ಟನ್ನೇ ಬದಲಿಸಬೇಕಾಗುತ್ತಿತ್ತು.

ಹೊಸ ಪಿನ್ನು ತಂದೆವು. ಅದು ನೇರವಾಗಿ ಕೂರಲಿಲ್ಲ. ತಂದೆಯವರ ಸೂಚನೆಯಂತೆ ದೇವರ ಮನೆಯ ದೀಪದ ಮಸಿಯನ್ನು ಅದರ ಚಪ್ಪಟೆಗೆ ಸವರಿ, ಒಳಗೆ ತೂರಿಸಿ, ಮತ್ತೆ ತೆಗೆದು ನೋಡಿದೆವು. ಮಸಿ ಅಳಿಸಿದ ಜಾಗದಲ್ಲಿ ಮಾತ್ರ ಅರದಿಂದ ಎರಡೇ ಎರಡು ಸಲ ಉಜ್ಜುವುದು, ಪುನಃ ಮಸಿ, ಪುನಃ ಪರೀಕ್ಷೆ. ಮಸಿ ಮುಖದ ತುಂಬ ಅಳಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ದೀಪ ಕಪ್ಪಾಯಿತೆಂದು ಮನೆಯವರಿಂದ ಕೇಳಿಸಿಕೊಂಡ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ತಮ್ಮ ಕಿಕ್ಕರಿನ ಆಚೆ ಬದಿಗೆ ಭಾರದ ಕಬ್ಬಿಣವನ್ನು ಆನಿಸಿ ಹಿಡಿದ. ನಾವು ಪಿನ್ನಿನ ತಲೆಗೆ ಸುತ್ತಿಗೆಯಿಂದ ಹೊಡೆದೆವು. ತಂದೆಯವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಮೊದಲು ಮಂದವಾಗಿದ್ದ ಸದ್ದು ನಾಲ್ಕನೆಯ ಪೆಟ್ಟಿಗೆ ಗಂಟೆಯಂತೆ ಗಡುಸಾಯಿತು.

“ಸಾಕು, ಕೂತೈತಿ. ಈಗ ನಟ್ಟು ಹಾಕ್ರಿ.”

ಅವರು ಎದ್ದು ಬಂದು, ಟ್ಯಾಂಕಿನ ಮೇಲೆ ಕೈಯಿಟ್ಟು ನಿಂತರು. ಕಿಕ್ಕರನ್ನು ಮೆಲ್ಲನೆ ಅದುಮಿದೆವು. ಆಮ್ಮೀಟರಿನ ಮುಳ್ಳು ನಡುವಿಗೆ ಬಂದೊಡನೆ ಡಿಕಂಪ್ರೆಸರ್ ಹಿಡಿದು ತುಸು ಮುಂದಕ್ಕೆ ಸರಿಸಿ ಬಿಟ್ಟೆವು. ಸಡಿಲ ಕಿಕ್ಕರಿನಲ್ಲಿ ಎಂಜಿನ್ನಿನ ಈ ಒತ್ತಡ ಕಾಲಿಗೆ ಸರಿಯಾಗಿ ತಿಳಿಯುತ್ತಲೇ ಇರಲಿಲ್ಲ. ಎರಡನೆಯ ಕಿಕ್ಕಿಗೆ ಗಾಡಿ ಗುಡುಗಿತು. ತಂದೆಯವರು ಕೈ ತೆಗೆಯದೆ ಬಹಳ ಹೊತ್ತು ನಿಂತಿದ್ದು, ಕಡೆಗೆ, “ಬಂದ್ ಮಾಡು, ಪೆಟ್ರೋಲ್ ಸುಮ್ಮನ ಹೊಕ್ಕೈತಿ,” ಎಂದರು.

ಮುಂದಿನ ಸೋಮವಾರ ಪಾನಾ ಹಿಡಿದು ನೋಡಿದಾಗ ನಟ್ಟು ಇನ್ನೂ ಕಾಲು ಸುತ್ತು ಬಿಗಿಯಾಯಿತು. ಅದರ ಮುಂದಿನ ಸೋಮವಾರ ಅದು ಅಲುಗಲಿಲ್ಲ.