ಅರವತ್ತು ವರ್ಷಕ್ಕೊಮ್ಮೆ ಬರುವ ಹಬ್ಬ

ಮಕ್ಕಳೇ, ಭೂಪಟ ತೆಗೆದು ಆಫ್ರಿಕಾ ಖಂಡದ ಪಶ್ಚಿಮ ಭಾಗದ ಮೇಲೆ ಬೆರಳಿಡಿ. ಸಮುದ್ರ ತೀರವೇ ಇಲ್ಲದ ಮಾಲಿ ಎಂಬ ದೇಶ ಸಿಗುತ್ತದೆ. ಅಲ್ಲಿ ಮರಳುಗಲ್ಲಿನ ಒಂದು ಬೆಟ್ಟಸಾಲು ಗೋಡೆ ಕಟ್ಟಿದಂತೆ ಸುಮಾರು 150 ಕಿಲೋಮೀಟರ್ ಉದ್ದಕ್ಕೆ ನಿಂತಿದೆ. ಅದರ ಹೆಸರು ಬಂಡಿಯಾಗರಾ. ಮೇಲೆ ಕಲ್ಲಿನ ಪ್ರಸ್ಥಭೂಮಿ, ಕೆಳಗೆ ಮರಳಿನ ಬಯಲು, ನಡುವೆ ಕಡಿದಾದ ಬಂಡೆ. ಈ ಮೂರೂ ಕಡೆ ದೊಗೋನ್ ಎಂಬ ಜನರ ಹಳ್ಳಿಗಳಿವೆ. 1989ರಲ್ಲಿ ಯುನೆಸ್ಕೋ ಸಂಸ್ಥೆ ಇದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ದೊಗೋನರಿಗಿಂತ ಮೊದಲು ಇಲ್ಲಿದ್ದವರು ಟೆಲ್ಲೆಮ್ ಜನ. 'ಅವರು ನಮಗಿಂತ ಮುಂಚೆಯೇ ಇಲ್ಲಿದ್ದರು' ಎಂಬರ್ಥದ ಈ ಹೆಸರನ್ನು ಅವರಿಗೆ ಕೊಟ್ಟವರು ದೊಗೋನರೇ. ಬಂಡೆಯ ನಡುಮಧ್ಯದ ಗುಹೆಗಳಲ್ಲಿ ಟೆಲ್ಲೆಮರು ಕಣಜಗಳನ್ನು ಕಟ್ಟಿದ್ದರು. ತೀರಿಕೊಂಡವರನ್ನೂ ಅಲ್ಲಿಯೇ ಇಡುತ್ತಿದ್ದರು. ಗುಹೆಯ ಒಣ ಗಾಳಿಯಲ್ಲಿ ಅವರು ನೇಯ್ದ ಹತ್ತಿ ಬಟ್ಟೆಗಳು ಸಾವಿರ ವರ್ಷವಾದರೂ ಉಳಿದುಕೊಂಡಿವೆ. ನಂತರ ಬಂದ ದೊಗೋನರು ಆ ಗುಹೆಗಳನ್ನು ಕೆಡವಲಿಲ್ಲ. ಬಾವೊಬಾಬ್ ಮರದ ನಾರಿನ ಹಗ್ಗದಿಂದ ತಮ್ಮ ಹಿರಿಯರ ದೇಹಗಳನ್ನೂ ಅಲ್ಲಿಗೇ ಏರಿಸಿದರು. ನಮ್ಮ ಸವಣೂರಿನಲ್ಲಿರುವ ದೊಡ್ಡಹುಣಸೆ ಮರಗಳೂ ಇದೇ ಬಾವೊಬಾಬ್.

ಜೀವನವಿಡೀ ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆದ ನನಗೆ ಬಹಳ ಹಿಡಿಸಿದ್ದು ದೊಗೋನರ ಕಣಜ. ಮಣ್ಣಿನ ಗೋಡೆ, ತಲೆಯ ಮೇಲೆ ಹುಲ್ಲಿನ ಟೋಪಿ. ಗಂಡಸರ ಕಣಜದಲ್ಲಿ ಸಜ್ಜೆಯಂಥ ಧಾನ್ಯ. ಹೆಂಗಸರಿಗೆ ಬೇರೆಯೇ ಕಣಜ. ಅದರೊಳಗೆ ಸಣ್ಣ ಸಣ್ಣ ಖಾನೆಗಳು, ಅವುಗಳಲ್ಲಿ ಆಕೆಯ ಬಟ್ಟೆ, ಒಡವೆ, ಸ್ವಂತ ಗಳಿಕೆ. ನಮ್ಮ ಸೇಫ್ ಲಾಕರ್ ಇದ್ದಂತೆಯೇ! ನೀರು ಕಡಿಮೆಯಿರುವ ಈ ಸೀಮೆಯಲ್ಲಿ ಬರಿಯ ಬಂಡೆಯ ಮೇಲೆ ಮಣ್ಣು ಹೊತ್ತು ತಂದು ಹರಡಿ, ಸೋರೆ ಬುರುಡೆಯಲ್ಲಿ ನೀರು ಹಾಕಿ ಈರುಳ್ಳಿ ಬೆಳೆಯುತ್ತಾರೆ.

ಪ್ರತಿ ಹಳ್ಳಿಯಲ್ಲೂ 'ಟೊಗುನಾ' ಎಂಬ ಕಟ್ಟೆಯಿದೆ. ಊರಿನ ಹಿರಿಯರು ಕೂತು ನ್ಯಾಯ ಹೇಳುವ ಜಾಗವದು. ಅದರ ಸೂರು ಬಹಳ ತಗ್ಗು. ಏಕೆ ಗೊತ್ತೇ? ಮಾತಿಗೆ ಮಾತು ಬೆಳೆದು ಯಾರಾದರೂ ಸಿಟ್ಟಿನಿಂದ ಎದ್ದರೆ ತಲೆ ಸೂರಿಗೆ ಬಡಿಯುತ್ತದೆ. ಆದ್ದರಿಂದ ಕೂತೇ ಮಾತಾಡಬೇಕು!

ಇವರ ದೊಡ್ಡ ಹಬ್ಬ 'ಸಿಗಿ'. ಅದು ಬರುವುದು 60 ವರ್ಷಕ್ಕೊಮ್ಮೆ. ಕಳೆದ ಸಲ 1967ರಲ್ಲಿ ಯೂಗೊ ಡೊಗೊರೂ ಎಂಬ ಹಳ್ಳಿಯಲ್ಲಿ ಶುರುವಾಗಿ, ವರ್ಷಕ್ಕೊಂದು ಕಡೆಯಂತೆ ಹಳ್ಳಿಯಿಂದ ಹಳ್ಳಿಗೆ ಸಾಗಿ 1973ರಲ್ಲಿ ಮುಗಿಯಿತು. ಗಂಡಸರು ವಯಸ್ಸಿನ ಕ್ರಮದಲ್ಲಿ ಸಾಲಾಗಿ ನಿಂತು ಹಾವಿನಂತೆ ಬಳುಕುತ್ತಾ ಕುಣಿಯುತ್ತಾರೆ. ಮೊದಲ ಪೂರ್ವಜ ಸತ್ತ ನೆನಪಿಗಾಗಿ ಹಾವಿನಂತೆ ಉದ್ದನೆಯ ಮರದ ಮುಖವಾಡವನ್ನು ಪ್ರತಿ ಸಿಗಿಗೂ ಹೊಸದಾಗಿ ಕೆತ್ತಬೇಕು. ಆಯ್ದ ಕೆಲವರು 'ಸಿಗಿ ಸೊ' ಎಂಬ ಗುಪ್ತ ಭಾಷೆಯನ್ನು ಬಾಯಿಪಾಠ ಕಲಿಯಬೇಕು.

ಮುಂದಿನ ಸಿಗಿ ಬರಬೇಕಾದದ್ದು 2027ರಲ್ಲಿ. ನಮ್ಮ ಪ್ರಭವ, ವಿಭವ ಎಂಬ ಸಂವತ್ಸರಗಳ ಚಕ್ರವೂ 60 ವರ್ಷದ್ದೇ ಅಲ್ಲವೇ? 1967ರ ಯುಗಾದಿಗೆ ಆರಂಭವಾದದ್ದು ಪ್ಲವಂಗ ಸಂವತ್ಸರ. 2027ರ ಯುಗಾದಿಗೆ ಬರುವುದೂ ಪ್ಲವಂಗವೇ! ನಮಗೆ ಸಂವತ್ಸರ ಮರೆತರೆ ಪಂಚಾಂಗ ನೋಡಬಹುದು. ಸಿಗಿಯ ಪಂಚಾಂಗ ಮಾತ್ರ ಅಜ್ಜಂದಿರ ತಲೆಯೊಳಗಿದೆ. ಅಂದು ಹತ್ತು ವರ್ಷದವನಾಗಿ ಕುಣಿದ ಹುಡುಗನಿಗೆ ಈ ಸಲ ಎಪ್ಪತ್ತು. ಅವನು ಹೇಳಿಕೊಟ್ಟರಷ್ಟೇ ಮೊಮ್ಮಗನಿಗೆ ಗೊತ್ತಾಗುವುದು.

ಚಿಂತೆಯ ವಿಷಯವೆಂದರೆ, 2012ರಿಂದ ಮಾಲಿಯಲ್ಲಿ ಶಾಂತಿಯಿಲ್ಲ. ಬಂಡಿಯಾಗರಾ ಸೀಮೆಗೂ ಆ ಬೆಂಕಿ ಹಬ್ಬಿ, ಎಷ್ಟೋ ಹಳ್ಳಿಗಳ ಮನೆ, ಕಣಜಗಳು ಸುಟ್ಟುಹೋದವು. ದೊಗೋನರೂ, ಅವರ ನೆರೆಯ ದನಗಾಹಿ ಫುಲಾನಿ ಜನರೂ ಜೀವ, ಮನೆ ಎರಡನ್ನೂ ಕಳೆದುಕೊಂಡಿದ್ದಾರೆ. ಪ್ರವಾಸಿಗರು ಬರುವುದು ನಿಂತಿದೆ. ಸುಟ್ಟ ಕಣಜವನ್ನು ಮಣ್ಣು ಕಲಸಿ ಮತ್ತೆ ಕಟ್ಟಬಹುದು. ಆದರೆ ಊರು ಬಿಟ್ಟು ಚದುರಿದ ಅಜ್ಜನೂ ಮೊಮ್ಮಗನೂ ಒಂದೆಡೆ ಕೂರದಿದ್ದರೆ ಹಾಡು, ಭಾಷೆ, ಕುಣಿತವನ್ನು ಕಟ್ಟಿಕೊಡುವವರು ಯಾರು?

ಆ ತಗ್ಗು ಸೂರಿನ ಕೆಳಗೆ ಎಲ್ಲರೂ ಮತ್ತೆ ಕೂತು ಮಾತಾಡುವಂತಾಗಲಿ. ಇಂದು ಅಮ್ಮನ ಕಂಕುಳಲ್ಲಿರುವ ಒಂದು ದೊಗೋನ್ ಕೂಸು ಈ ಸಿಗಿಯ ಕುಣಿತ ನೋಡಿ, 2087ರಲ್ಲಿ ಅಜ್ಜನಾಗಿ ತನ್ನ ಮೊಮ್ಮಗನಿಗೆ ಅದರ ಹೆಜ್ಜೆ ಕಲಿಸಲಿ.