ರುಚಿಯೂ ಮಿತಿಯೂ

ಮದ್ಯದ ಮಾತು ಬಂದ ಕೂಡಲೆ ಗೃಹಸ್ಥರ ಮನೆಗಳಲ್ಲಿ ಸಂಭಾಷಣೆ ಅಲ್ಲಿಗೇ ನಿಲ್ಲುವುದು ವಾಡಿಕೆ. ಆ ಮೌನಕ್ಕೆ ತಕ್ಕ ಕಾರಣಗಳುಂಟು. ಆದರೂ ಪ್ರಾಚೀನರು ನಿಷೇಧಿಸಬೇಕಾದ ವಸ್ತುವನ್ನು ಸಹ ಚೆನ್ನಾಗಿ ಅರಿತುಕೊಂಡೇ ನಿಷೇಧಿಸಿದರು. ಸುರಾಪಾನವನ್ನು ಮಹಾಪಾತಕಗಳಲ್ಲಿ ಎಣಿಸಿದ ಮನುವೇ ಸುರೆಯಲ್ಲಿ ಗೌಡಿ, ಪೈಷ್ಟಿ, ಮಾಧ್ವಿ ಎಂಬ ಮೂರು ಭೇದಗಳನ್ನು ಹೇಳುತ್ತಾನೆ. ಪಂಡಿತ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನಿಗೆಂದೇ ಒಂದು ಅಧ್ಯಾಯವಿದೆ. ಚರಕಸಂಹಿತೆಯಾದರೋ ವಿಧಿ, ಮಾತ್ರೆ, ಕಾಲ, ಹಿತವಾದ ಅನ್ನ, ದೇಹಬಲ ಇವುಗಳನ್ನು ನೋಡಿ ಸೇವಿಸಿದ ಮದ್ಯದ ಫಲವೇ ಬೇರೆ, ನೋಡದೆ ಸೇವಿಸಿದುದರ ಫಲವೇ ಬೇರೆ ಎಂದು ವಿವೇಚಿಸುತ್ತದೆ.

ಬೆಲ್ಲದಿಂದಾದ ಸುರೆ ಗೌಡಿ. ಧಾನ್ಯದ ಹಿಟ್ಟಿನಿಂದಾದುದು ಪೈಷ್ಟಿ. ಈಗಿನ ಬೀರನ್ನು ಪೈಷ್ಟಿಯ ಕುಲಕ್ಕೆ ಸೇರಿಸಬಹುದು. ಬಾರ್ಲಿಯನ್ನು ಮೊಳಕೆಗಟ್ಟಿಸಿ, ಒಣಗಿಸಿ, ನುಚ್ಚುಮಾಡಿ, ಬಿಸಿನೀರಿನಲ್ಲಿ ನೆನೆಸಿದರೆ ಅದರ ಪಿಷ್ಟವು ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಹಾಪ್ಸ್ ಎಂಬ ಕಹಿಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟನ್ನು ಬೆರಸಿದರೆ ಹುದುಗು ಹತ್ತುತ್ತದೆ. ಮೊಳಕೆಯ ಒಂದು ಪಾಲನ್ನು ಕಾಫಿಬೀಜದಂತೆ ಕಪ್ಪಾಗುವವರೆಗೆ ಹುರಿದು ಬಳಸಿದರೆ ದೊರೆಯುವುದೇ ಸ್ಟೌಟ್ ಎಂಬ ಕರಿಯ ಬೀರು. ಇದರ ಬಲಿಷ್ಠವಾದ ಬಗೆಯೊಂದು ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನಿಂದ ರಷ್ಯದ ರಾಣಿ ಕ್ಯಾಥರೀನಳ ಆಸ್ಥಾನಕ್ಕೆ ಹೋಗುತ್ತಿತ್ತು.

ಇದನ್ನು ಪೀಪಾಯಿಯಲ್ಲಿ ಹಳತುಮಾಡುವ ಕ್ರಮಕ್ಕೆ ಅಮೆರಿಕದ ಒಂದು ಕಾನೂನು ಸಹಾಯಕವಾಯಿತು. ಆ ದೇಶದಲ್ಲಿ ಬರ್ಬನ್ ಎಂಬ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಮರದ ಪಾತ್ರೆಯಲ್ಲಿಯೇ ಇಡತಕ್ಕದ್ದು. ಒಮ್ಮೆ ಬಳಸಿದ ಪೀಪಾಯಿ ಪುನಃ ಅದೇ ಕೆಲಸಕ್ಕೆ ಬಾರದಾದುದರಿಂದ, ಸುಮಾರು 200 ಲೀಟರು ಹಿಡಿಯುವ ಆ ಪೀಪಾಯಿಗಳು ಪರರ ಪಾಲಾಗುತ್ತವೆ. 1990ರ ದಶಕದಲ್ಲಿ ಷಿಕಾಗೋ ನಗರದ ಗೂಸ್ ಐಲೆಂಡ್ ಎಂಬ ಬೀರುಮನೆಯವರು ಅವುಗಳಲ್ಲಿ ಸ್ಟೌಟನ್ನು ತುಂಬಿಟ್ಟು ಹೆಸರು ಪಡೆದರು. ಮರವು ಹೀರಿಕೊಂಡಿದ್ದ ವಿಸ್ಕಿ ತಿಂಗಳುಗಟ್ಟಲೆ ಬೀರಿಗೆ ಇಳಿಯುತ್ತದೆ. ಮರದಿಂದಲೇ ವೆನಿಲ್ಲಾದ ಕಂಪೂ ಕೊಬ್ಬರಿಯ ವಾಸನೆಯೂ ಬರುತ್ತವೆ. ಆಯುರ್ವೇದದ ಆಸವಾರಿಷ್ಟಗಳನ್ನು ತುಪ್ಪ ಸವರಿದ ಮಡಕೆಯಲ್ಲಿ ತುಂಬಿ, ಬಾಯಿ ಮುದ್ರಿಸಿ, ಧಾನ್ಯರಾಶಿಯಲ್ಲಿ ಹುಗಿದು ಕಾಯುವ ಪದ್ಧತಿಯನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನ್ನಿಸದು. ಆದರೆ ನಮ್ಮ ಸೀಮೆಯ ಹವೆ ಪೀಪಾಯಿಗೆ ದುಬಾರಿ. ಸ್ಕಾಟ್ಲೆಂಡಿನಲ್ಲಿ ವಿಸ್ಕಿಯು ವರ್ಷಕ್ಕೆ ನೂರಕ್ಕೆ ಎರಡು ಪಾಲು ಆವಿಯಾದರೆ, 1948ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಅಮೃತ್ ಭಟ್ಟಿಯಲ್ಲಿ ಹತ್ತು ಪಾಲಿಗೂ ಮೇಲೆ ಆವಿಯಾಗುತ್ತದೆ.

ಬೆಂಗಳೂರಿಗೆ ಬೀರು ಹೊಸದಲ್ಲ. ಯುನೈಟೆಡ್ ಬ್ರೂವರೀಸ್ ಕಟ್ಟಲ್ಪಟ್ಟದ್ದು 1915ರಲ್ಲಿ. ಅಲ್ಲಿಯೇ ಕುದಿಸಿ ಅಲ್ಲಿಯೇ ಬಡಿಸುವ ಚಿಕ್ಕ ಬೀರುಮನೆಗಳು ಮಾತ್ರ ಈಚಿನವು. ಇಂದಿರಾನಗರದ ಟಾಯ್ಟ್ 2010ರಲ್ಲಿ ಆರಂಭವಾಯಿತು. ಇಂಥ ಒಂದು ಚಿಕ್ಕ ಬೀರುಮನೆಯಲ್ಲಿ ಇಟ್ಟಿಗಿಯ ತರುಣನೊಬ್ಬನು ಕೆಲಸಕ್ಕಿದ್ದಾನೆ. ಈ ಇಟ್ಟಿಗಿಯು ಮಹಾದೇವ ದೇವಾಲಯದಿಂದ ಹೆಸರಾದ ಕೊಪ್ಪಳದ ಇಟಗಿಯಲ್ಲ. ಹೂವಿನ ಹಡಗಲಿ ತಾಲ್ಲೂಕಿನ ಊರು. ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತದಲ್ಲಿದ್ದಾಗ, 1948ರ ಅಕ್ಟೋಬರ್ 2ರಂದು ಆ ಪ್ರಾಂತದಲ್ಲೆಲ್ಲ ಪಾನನಿರೋಧ ಜಾರಿಗೆ ಬಂದಿತು. ಕಾಲಾಂತರದಲ್ಲಿ ಆ ಕಟ್ಟು ಸಡಿಲಿ, ಸಾರಾಯಿಯ ಪೊಟ್ಟಣಗಳು ಹಳ್ಳಿಹಳ್ಳಿಗೂ ಬಂದುವು. ಕರ್ನಾಟಕ ಸರ್ಕಾರವು ಸಾರಾಯಿಯನ್ನು ನಿಲ್ಲಿಸಿದ್ದು 2007ರ ಜುಲೈ 1ರಂದು. ಆ ತರುಣನ ತಂದೆಯ ಪಾಲಿಗೆ ಅದು ತಡವಾಯಿತು. ಆತನು ಅದಕ್ಕೆ ಎರಡು ವರ್ಷ ಮೊದಲೇ, ಎರಡೆಕರೆ ಹೊಲವನ್ನೂ ಹೆಂಡತಿಯ ತಾಳಿಯನ್ನೂ ಪೊಟ್ಟಣಗಳಿಗೆ ತೆತ್ತು, ಹೊಟ್ಟೆಯುಬ್ಬರದಿಂದ ತೀರಿಕೊಂಡನು. ತಾಯಿ ಕೂಲಿಮಾಡಿ ಮಗನನ್ನು ರಸಾಯನಶಾಸ್ತ್ರದ ಪದವಿಯವರೆಗೆ ಓದಿಸಿದಳು.

ಮಗನು “ಕಾರ್ಖಾನೆಯಲ್ಲಿ ಕೆಲಸ” ಎಂದಷ್ಟೆ ಹೇಳುತ್ತ ಮೂರು ವರ್ಷ ಕಳೆದನು. ಕೊನೆಗೊಂದು ದಿನ ತಾಳಲಾರದೆ, ತಾಯಿಯನ್ನು ಬೆಂಗಳೂರಿಗೆ ಕರೆತಂದು, ಗಿರಾಕಿಗಳಿಲ್ಲದ ಮುಂಜಾವಿನಲ್ಲಿ ತನ್ನ ಕೆಲಸದ ಎಡೆಗೆ ಕರೆದೊಯ್ದನು. ಅಂದು ಹತ್ತು ತಿಂಗಳ ಪೀಪಾಯಿಯೊಂದನ್ನು ಪರೀಕ್ಷಿಸಬೇಕಾಗಿತ್ತು. ಆತನು ಸಣ್ಣ ಗಾಜಿನ ಬಟ್ಟಲಿಗೆ ನಾಲ್ಕು ಬೆರಳಿನಷ್ಟನ್ನೂ ಸುರಿಯಲಿಲ್ಲ. ಮಂಜಿನಂತೆ ತಣ್ಣಗಿದ್ದರೆ ಇದರ ಕಂಪು ಏಳದಾದುದರಿಂದ ಕೆಲವು ನಿಮಿಷ ಕಾದನು. ದ್ರವವು ಎಳ್ಳೆಣ್ಣೆಯಂತೆ ಬಟ್ಟಲಿನ ಗೋಡೆಗೆ ಅಂಟಿ ಇಳಿಯಿತು. ಮೇಲೆ ಕಂದುಬಣ್ಣದ ತೆಳ್ಳನೆಯ ನೊರೆ. ತಾಯಿಯು ಮುಟ್ಟಲಿಲ್ಲ, ದೂರದಿಂದಲೇ ಮೂಸಿ, “ಆಲೆಮನೆಯಲ್ಲಿ ಬೆಲ್ಲ ಸೀದ ವಾಸನೆ” ಎಂದಳು. ಮಗನು ಒಂದು ಗುಟುಕನ್ನು ನಾಲಗೆಯ ಮೇಲೆ ನಿಲ್ಲಿಸಿಕೊಂಡನು. ಮೊದಲು ಸುಟ್ಟ ಸಕ್ಕರೆಯ ಸಿಹಿ, ನಡುವೆ ಕಾಫಿಯ ಕಹಿ, ಆಮೇಲೆ ಒಣದ್ರಾಕ್ಷಿಯ ಹುಳಿ, ನುಂಗಿದ ಮೇಲೆ ಮರದ ಒಗರು, ಎದೆಯಲ್ಲಿ ಬಿಸಿ. ಇವನ್ನು ಅದೇ ಕ್ರಮದಲ್ಲಿ ಒಂದು ಪುಸ್ತಕದಲ್ಲಿ ಬರೆದು, ಕೆಳಗೆ “30 ಮಿಲಿಲೀಟರು” ಎಂದು ಅಳತೆಯನ್ನೂ ಬರೆದನು.

ಅಳತೆಯೇಕೆಂದು ತಾಯಿ ಕೇಳಿದಳು. ಸಾಮಾನ್ಯ ಬೀರಿನಲ್ಲಿ ನೂರಕ್ಕೆ ಐದು ಪಾಲು ಮದ್ಯಸಾರವಿದ್ದರೆ ಇದರಲ್ಲಿ ಹನ್ನೆರಡು. ಇದರ 150 ಮಿಲಿಲೀಟರಿನ ಬಟ್ಟಲೊಂದು ಅದರ 330 ಮಿಲಿಲೀಟರಿನ ಸೀಸೆಗೆ ಮಿಗಿಲು. ಆದುದರಿಂದ ತಾನು ನುಂಗಿದುದನ್ನೆಲ್ಲ ದಿನದಿನವೂ ಬರೆದಿಡುವುದಾಗಿಯೂ, ಹಾಗೆಂದು ಯಾರೂ ವಿಧಿಸಿಲ್ಲವಾಗಿಯೂ ಮಗನು ತಿಳಿಸಿದನು. ಓದುಬಾರದ ಆಕೆ ಪುಟವನ್ನು ಬೆರಳಿನಿಂದ ಸವರಿ, ಬಹಳ ಹೊತ್ತಿನ ಮೇಲೆ, “ಬರೆಯೋದು ತಪ್ಪಿದ ದಿನ ಊರಿಗೆ ಬಂದುಬಿಡು, ಕೂಲಿ ಇದ್ದೇ ಇದೆ” ಎಂದಳು. ಒಪ್ಪಿಗೆಯ ಮಾತಾಗಲಿ ಶಾಪದ ಮಾತಾಗಲಿ ಆಕೆಯ ಬಾಯಿಂದ ಬರಲಿಲ್ಲ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನಿದ್ದನು. ಹೆಂಡ ಮಾರುತ್ತಿದ್ದವನೇ ಅದರ ಕೇಡನ್ನು ಜನಕ್ಕೆ ತಿಳಿಸುವವನಾದನು. ಆ ವಸ್ತುವನ್ನು ಅರಿತವನ ಎಚ್ಚರಿಕೆಗೆ ಇರುವ ತೂಕ ಅರಿಯದವನ ನಿಂದೆಗೆ ಬಾರದು. ಪೊಟ್ಟಣ ಹರಿದು ಗಂಟಲಿಗೆ ಸುರಿದುಕೊಂಡ ತಂದೆಗೆ ಸಾರಾಯಿಯ ರುಚಿಯೇ ತಿಳಿದಿರಲಾರದು. ಅವನಿಗೆ ಬೇಕಾದದ್ದು ಮರೆವು. ಮಗನು ರುಚಿಯನ್ನು ಬಲ್ಲನು. ಆದರೆ ರುಚಿಯ ಅರಿವೊಂದೇ ಮನುಷ್ಯನನ್ನು ಕಾಯುವುದೆಂದು ನಂಬುವುದು ಅಪಾಯ. ರಸಿಕರಲ್ಲಿ ಕುಡಿದು ಕೆಟ್ಟವರೂ ಉಂಟು. ಚರಕನು ಹೇಳಿದ ಐದರಲ್ಲಿ ಮಾತ್ರೆಯು ಕುಡಿಯುವವನ ಮನಸ್ಸಿನಲ್ಲಿ ಮಾತ್ರ ಇದ್ದರೆ, ಮೊದಲ ಗುಟುಕಿಗೇ ಅದು ಸಡಿಲಬಹುದು. ಅದು ಹೊರಗೆ, ಬರಹದಲ್ಲಿಯೋ ಇನ್ನೊಬ್ಬರ ಕಣ್ಣಿನಲ್ಲಿಯೋ ನಿಂತಿರಬೇಕು. ಹಾಗೆ ನಿಲ್ಲಿಸಲು ಆಗದವರಿಗೆ ಮನುವಿನ ನಿಷೇಧವೇ ಕರುಣೆ.

ಈಗ ಪ್ರತಿ ಸೋಮವಾರ ರಾತ್ರಿ ಇಟ್ಟಿಗಿಯಿಂದ ಬೆಂಗಳೂರಿಗೆ ದೂರವಾಣಿ ಕರೆ ಹೋಗುತ್ತದೆ. ಮಳೆ ಬೆಳೆಗಳ ಸಮಾಚಾರವಾದ ಮೇಲೆ ತಾಯಿ ಕೇಳುವುದು ಒಂದೇ ಮಾತು: “ಬರ್ದೀಯೇನು?” ಮಗನು ವಾರದ ಏಳು ದಿನದ ಅಂಕಿಗಳನ್ನೂ ಒಂದೊಂದಾಗಿ ಓದಿ ಹೇಳುತ್ತಾನೆ.